ಬದಲಾಗದ ಅಕ್ಷರಗಳ ಹಿಂದಿನ ಮನುಷ್ಯ: ಡೆನ್ನಿಸ್ ರಿಚಿ

ಬ್ರಾಂಚ್ ಯಾವುದೇ ಇರಲಿ, ನಾವೆಲ್ಲ ಲ್ಯಾಬ್‌ನಲ್ಲಿ ಬರೆದ ಮೊದಲ ಪ್ರೋಗ್ರಾಂ ಒಂದೇ: ಹಲೋ ವರ್ಲ್ಡ್. ಆ ಎರಡು ಪದ ಒಂದು ಸ್ಥಿರ ಸ್ಟ್ರಿಂಗ್ ಅನ್ನೋದು ಆಗ ನಮಗೆ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು ಬಸವಕಲ್ಯಾಣ ಕಡೆಯ ಗೋರ್ಟಾ (ಬಿ) ಊರಿನ ನಮ್ಮ ಗೆಳೆಯನಿಂದ.

ಬೀದರ್ ಜಿಲ್ಲೆಯವರಿಗೆ ಈ (ಬಿ), (ಕೆ) ಹೊಸದಲ್ಲ. ಬಿ ಅಂದ್ರೆ ಬುಜುರ್ಗ್, ದೊಡ್ಡದು. ಕೆ ಅಂದ್ರೆ ಖುರ್ದ್, ಸಣ್ಣದು. ಗೆಳೆಯ ಚಾರ್ ಪಾಯಿಂಟರ್ ಒಂದಕ್ಕೆ ಊರ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟ. ಆಮೇಲೆ ತಮಾಷೆಗೆ ಏಳನೇ ಸ್ಥಾನದ ಬಿ ತೆಗೆದು ಕೆ ಹಾಕಲು ಹೋದ. ಕಂಪೈಲರ್ ತುಟಿ ಪಿಟಕ್ ಅನ್ನಲಿಲ್ಲ. ರನ್ ಮಾಡಿದ ಕೂಡಲೇ ಸೆಗ್ಮೆಂಟೇಶನ್ ಫಾಲ್ಟ್. ಬದಲಾಯಿಸಬಾರದು ಅಂದ್ರೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನ ಸಿಟ್ಟು. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನಮಗೆ ಸಿಕ್ಕವರು ಡೆನ್ನಿಸ್ ರಿಚಿ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ವಿಚಿಂಗ್ ಸರ್ಕ್ಯೂಟ್‌ಗಳ ಮೇಲೆ ಕೆಲಸ ಮಾಡಿದವರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿ, ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ಇಳಿದರು. ಪ್ರಬಂಧ ಬರೆದರೂ ಡಾಕ್ಟರೇಟ್ ಕೈಗೆ ಬರಲಿಲ್ಲ. 1967ರಲ್ಲಿ ಅಪ್ಪನ ಸಂಸ್ಥೆಗೇ ಸೇರಿದರು.

ಅಲ್ಲಿ ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಂ ಕೆಲಸ ನಡೆದಿತ್ತು. 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು. ಕೆನ್ ಥಾಂಪ್ಸನ್ ಪಿಡಿಪಿ-7 ಅನ್ನೋ ಸಣ್ಣ ಯಂತ್ರದ ಮೇಲೆ ಯುನಿಕ್ಸ್ ಶುರು ಮಾಡಿದರು, ರಿಚಿ ಜೊತೆಯಾದರು. ಥಾಂಪ್ಸನ್ ಕಟ್ಟಿದ ಬಿ ಭಾಷೆಯಲ್ಲಿ ಟೈಪ್‌ಗಳೇ ಇರಲಿಲ್ಲ. ಎಲ್ಲವೂ ಒಂದು ವರ್ಡ್. ಬೈಟ್‌ಗಳಿಗೆ ನೇರ ವಿಳಾಸ ಕೊಡುವ ಪಿಡಿಪಿ-11 ಬಂದಾಗ ಅದು ಒಗ್ಗಲಿಲ್ಲ. ರಿಚಿ ಅದಕ್ಕೆ ಚಾರ್, ಇಂಟ್ ಸೇರಿಸಿ ಬೆಳೆಸುತ್ತಾ ಹೋದರು, ಸಿ ಹುಟ್ಟಿತು. 1973ರ ಹೊತ್ತಿಗೆ ಯುನಿಕ್ಸ್ ಕರ್ನಲ್ಲೇ ಸಿ ಭಾಷೆಯಲ್ಲಿತ್ತು.

ಈಗ ಸ್ಟ್ರಿಂಗ್ ವಿಷಯ. ಬಿ ಭಾಷೆಯ ತಾಯಿ ಬಿಸಿಪಿಎಲ್‌ನಲ್ಲಿ ಸ್ಟ್ರಿಂಗ್‌ನ ಮೊದಲ ಬೈಟೇ ಉದ್ದವನ್ನು ಹೇಳುತ್ತಿತ್ತು. ಒಂದು ಬೈಟ್‌ನಲ್ಲಿ ಎಷ್ಟು ದೊಡ್ಡ ಸಂಖ್ಯೆ ಹಿಡಿಸೀತು? ಹಾಗಾಗಿ ಬಿ ಭಾಷೆ ಲೆಕ್ಕ ಬಿಟ್ಟು, ಕೊನೆಗೆ ಒಂದು ಗುರುತು ಇಡುವ ದಾರಿ ಹಿಡಿಯಿತು. ಸಿ ಅದನ್ನೇ ಉಳಿಸಿಕೊಂಡಿತು, ಗುರುತು ಮಾತ್ರ ಸೊನ್ನೆಯಾಯಿತು. ಗೋರ್ಟಾ (ಬಿ) ಅನ್ನು ಕನ್ನಡ ಲಿಪಿಯಲ್ಲೇ ಯುಟಿಎಫ್-8ರಲ್ಲಿ ಬರೆದು ಎಣಿಸಿ: ಎಂಟು ಕನ್ನಡ ಸಂಕೇತಗಳಿಗೆ ತಲಾ 3 ಬೈಟ್, ಖಾಲಿ ಜಾಗ ಮತ್ತು ಎರಡು ಕಂಸಕ್ಕೆ 3, ಒಟ್ಟು 27. ಕೊನೆಯ ಸೊನ್ನೆ ಸೇರಿ 28. ಆ 28ನೆಯದಕ್ಕೆ ಜಾಗ ಬಿಡದೆ ಎಷ್ಟು ಸಲ ಪೆಟ್ಟು ತಿಂದಿದ್ದೇವೆ!

1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ರಿಚಿ ಬರೆದ ಪುಸ್ತಕದ ಕಾಲದಲ್ಲಿ ಸ್ಟ್ರಿಂಗ್‌ಗಳನ್ನು ಬದಲಾಯಿಸಬಹುದಿತ್ತು. ಒಂದೇ ಪದ ಎರಡು ಸಲ ಬರೆದರೆ ಎರಡೂ ಬೇರೆ ಬೇರೆ. ಕಾನ್ಸ್ಟ್ ಅನ್ನೋ ಪದವೇ ಭಾಷೆಯಲ್ಲಿ ಇರಲಿಲ್ಲ. ಅದರ ಬೀಜ ಹಾಕಿದ್ದು ಅದೇ ಬೆಲ್ ಲ್ಯಾಬ್ಸ್‌ನ ಬ್ಯಾರ್ನೆ ಸ್ಟ್ರೌಸ್ಟ್ರಪ್, ರೀಡ್‌ಓನ್ಲಿ ಅನ್ನೋ ಹೆಸರಿನಲ್ಲಿ. ಹೆಸರು ಬದಲಾಗಿ ಕಾನ್ಸ್ಟ್ ಆಯಿತು.

ಸಿ ಭಾಷೆಗೆ ಅಧಿಕೃತ ಮಾನಕ ಬರೆಯುವ ಸಮಿತಿ ಅದನ್ನು ಒಪ್ಪಿಕೊಂಡಿತು. 1988ರಲ್ಲಿ ರಿಚಿ ಆ ಸಮಿತಿಗೆ ಬರೆದರು. ನೋಏಲಿಯಾಸ್ ಎಂಬ ಇನ್ನೊಂದು ಹೊಸ ಪದವನ್ನು ಕಿತ್ತುಹಾಕಲೇಬೇಕು ಅಂತ ಪಟ್ಟು ಹಿಡಿದರು. ಕಾನ್ಸ್ಟ್ ಬಗ್ಗೆಯೂ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಕಲಿಯುವ ಕಷ್ಟಕ್ಕೆ ತಕ್ಕ ಲಾಭ ಇದೆಯೇ ಅನ್ನೋ ಅನುಮಾನ. ನೋಏಲಿಯಾಸ್ ಹೋಯಿತು, ಕಾನ್ಸ್ಟ್ ಉಳಿಯಿತು. ತಾನು ಹುಟ್ಟಿಸಿದ ಭಾಷೆಯಲ್ಲೂ ಎಲ್ಲ ಮಾತು ತನ್ನದೇ ನಡೆಯಲಿಲ್ಲ, ಅವರು ಅದನ್ನು ದೊಡ್ಡದೂ ಮಾಡಲಿಲ್ಲ.

1989ರ ಮಾನಕ ಒಂದು ರಾಜಿ ಮಾಡಿಕೊಂಡಿತು. ಸ್ಟ್ರಿಂಗ್ ಅಕ್ಷರಗಳನ್ನು ಕಾನ್ಸ್ಟ್ ಅಂತ ಘೋಷಿಸಿದರೆ ಹಳೆಯ ಪ್ರೋಗ್ರಾಂಗಳೆಲ್ಲ ಕೆಡುತ್ತಿದ್ದವು. ಆದ್ದರಿಂದ ಟೈಪ್ ಬರೀ ಚಾರ್. ಆದರೆ ಬದಲಾಯಿಸಿದರೆ ಏನಾಗುತ್ತೋ ಹೇಳಲಾಗದು. ನಮ್ಮ ಗೆಳೆಯನ ಕಂಪೈಲರ್ ಸುಮ್ಮನಿದ್ದದ್ದು ಇದಕ್ಕೇ. ಇವತ್ತಿನ ಲಿನಕ್ಸ್ ಆ ಅಕ್ಷರಗಳನ್ನು ಓದಲು ಮಾತ್ರ ಬರುವ ಪುಟದಲ್ಲಿ ಇಡುತ್ತದೆ, ಬರೆಯಲು ಹೋದವನನ್ನು ಹೊರಗೆ ಹಾಕುತ್ತದೆ. ಸಿ++ ಮಾತ್ರ ಸ್ಟ್ರಿಂಗ್‌ಗಳನ್ನು ಕಾನ್ಸ್ಟ್ ಮಾಡಿತು.

ಪರಿಹಾರ ಸುಲಭ. ಬದಲಾಯಿಸಬೇಕಿದ್ದರೆ ಚಾರ್ ಅರೇ ಮಾಡಿ. ಅಕ್ಷರಗಳ ಸ್ವಂತ ಪ್ರತಿ ಸಿಗುತ್ತದೆ. ಬೇಡವಾದರೆ ಪಾಯಿಂಟರ್ ಹಿಂದೆ ಕಾನ್ಸ್ಟ್ ಬರೆಯಿರಿ. ತಪ್ಪನ್ನು ಕಂಪೈಲರೇ ಹಿಡಿಯುತ್ತದೆ.

ರಿಚಿ, ಥಾಂಪ್ಸನ್ ಇಬ್ಬರಿಗೂ 1983ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2007ರಲ್ಲಿ ರಿಚಿ ನಿವೃತ್ತರಾದರು. ಒಂಟಿಯಾಗಿದ್ದ ಅವರು 2011ರ ಅಕ್ಟೋಬರ್ 12ರಂದು ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ತೀರಿಹೋಗಿದ್ದು ಕಂಡುಬಂತು. ಒಂದು ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ಹೋಗಿದ್ದರು. ಜಗತ್ತು ಅವರಿಗೆ ಅಳುತ್ತಿತ್ತು, ರಿಚಿ ಸಾವು ಹೆಚ್ಚು ಜನಕ್ಕೆ ತಲುಪಲೇ ಇಲ್ಲ. ಆದರೆ ಜಾಬ್ಸ್ ಮಾರಿದ ಫೋನಿನ ಒಳಗೂ ಯುನಿಕ್ಸ್ ವಂಶವೇ ಇತ್ತು.

ಗೋರ್ಟಾದಲ್ಲಿ 1948ರ ರಜಾಕಾರರ ದಾಳಿಗೆ ಬಲಿಯಾದವರ ಸ್ಮಾರಕವಿದೆ. ಅಲ್ಲಿ ನಿಂತಾಗ ಗೆಳೆಯ ಹೇಳಿದ್ದು ಇಷ್ಟೇ: ಕೆಲವನ್ನು ಓದಲು ಮಾತ್ರ ಇಡಬೇಕು, ಯಾರೂ ಮೇಲೆ ಗೀಚಬಾರದು. ಲ್ಯಾಬಿಗೆ ವಾಪಸ್ ಬಂದವನೇ ತನ್ನ ಪ್ರೋಗ್ರಾಂನಲ್ಲಿ ಊರ ಹೆಸರಿನ ಹಿಂದೆ ಕಾನ್ಸ್ಟ್ ಸೇರಿಸಿದ. ನೀವೂ ನಿಮ್ಮ ಊರ ಹೆಸರು ಹಾಕಿ ನೋಡಿ.