ಕಾರ್ಬೆಟ್ಟರ ಮೊದಲ ಕೋವಿ

ಕಳೆದ ವರ್ಷ ಕಾರವಾರದಲ್ಲಿ ಎನ್.ಸಿ.ಸಿ. ಗುರಿಯಭ್ಯಾಸದ ದಿನ ನಾನು ಮೊದಲ ಬಾರಿಗೆ .೨೨ ರೈಫಲನ್ನು ಕೈಯಲ್ಲಿ ಹಿಡಿದೆನು. ಒಬ್ಬೊಬ್ಬರಿಗೆ ಐದು ಗುಂಡು. ೨೫ ಮೀಟರ್ ದೂರದಲ್ಲಿ ಕಾಗದದ ಗುರಿ. ನನ್ನ ಐದರಲ್ಲಿ ಎರಡು ಕಾಗದವನ್ನೇ ಮುಟ್ಟಲಿಲ್ಲ. ಮುಗಿದ ಮೇಲೆ ಖಾಲಿ ತೋಟೆಗಳನ್ನು ಹೆಕ್ಕಿ, ಎಣಿಸಿ ಒಪ್ಪಿಸಬೇಕಾಯಿತು. ಆದರೂ ಅಂದು ಸಂಜೆ ಅಂಕೋಲೆಯ ಬಸ್ಸಿನಲ್ಲಿ ಕುಳಿತಾಗ ನಾನು ದೊಡ್ಡ ಬೇಟೆಗಾರನೇ ಆಗಿಬಿಟ್ಟಿದ್ದೆನು.

ಅಂಕೋಲೆಯ ಆಚೆ, ಗುಡ್ಡದ ಬುಡದಲ್ಲಿ ನನ್ನ ಸೋದರಮಾವನ ಗದ್ದೆಯಿದೆ. ಭತ್ತ ಹಾಲು ತುಂಬುವ ಹೊತ್ತಿಗೆ ಕಾಡುಹಂದಿ ಇಳಿಯುತ್ತದೆ. ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೊಂದಿದೆ. ಚುನಾವಣೆ ಬಂದಾಗಲೆಲ್ಲ ಅದು ಪೋಲೀಸ್ ಠಾಣೆಗೆ ಹೋಗಿ ಬರುತ್ತದೆ. ಮಾವನಿಗೆ ವಯಸ್ಸಾಯಿತು, ಗಂಡುಮಕ್ಕಳಿಲ್ಲ. ಅಂದು ರಾತ್ರಿ ಊಟಕ್ಕೆ ಕುಳಿತಾಗ ಅವನು, ತಮಾ, ಲೈಸನ್ಸು ನಿನ್ನ ಹೆಸರಿಗೆ ಮಾಡಿಸಿಕೊ ಎಂದನು. ಆ ಹಳೆಯದು ಬೇಡವಾದರೆ ಹಂದಿಗೆಂದು ನೀನು ಹಿಡಿದಂಥ ಸಣ್ಣ ರೈಫಲನ್ನೇ ಕೊಳ್ಳೋಣ ಎಂದೂ ಹೇಳಿದನು. ಕಾನೂನಿನಂತೆ ಲೈಸನ್ಸಿಗೆ ೨೧ ವರ್ಷ ತುಂಬಬೇಕು. ನನಗೆ ಇನ್ನೂ ಒಂದು ವರ್ಷವಿತ್ತು. ಆ ವರ್ಷದಲ್ಲಿ ನಾನು ಜಿಮ್ ಕಾರ್ಬೆಟ್ಟರ ಪುಸ್ತಕಗಳನ್ನು ಓದಿದೆನು. ಯಾವ ಕೋವಿ ಕೊಳ್ಳಬೇಕೆಂದು ತಿಳಿಯಲು ಹೋದವನಿಗೆ ಒಂದು ಜೀವನಚರಿತ್ರೆಯೇ ಸಿಕ್ಕಿತು.

ಕಾರ್ಬೆಟ್ಟರು ಹುಟ್ಟಿದ್ದು ೧೮೭೫ನೆಯ ಜುಲೈ ೨೫ರಂದು, ಹಿಮಾಲಯದ ನೈನಿತಾಲದಲ್ಲಿ. ತಂದೆ ಅಲ್ಲಿಯ ಪೋಸ್ಟಮಾಸ್ತರರು. ೧೮೮೧ರಲ್ಲಿ ತಂದೆ ತೀರಿಕೊಂಡಾಗ ಮನೆಯ ತುಂಬ ಮಕ್ಕಳು. ಚಳಿಗಾಲಕ್ಕೆ ಕುಟುಂಬವು ಬೆಟ್ಟವಿಳಿದು ಕಾಲಾಢುಂಗಿಗೆ ಬರುತ್ತಿತ್ತು. ಅಲ್ಲಿ ಅಂಗಳ ದಾಟಿದರೆ ಕಾಡು. ಬಾಲಕ ಜಿಮ್ ನ್ಯುಮೋನಿಯಾದಿಂದ ಸಾವಿನ ಬಾಯಿಗೆ ಹೋಗಿ ಬಂದಾಗ ಅಣ್ಣ ಟಾಮ್ ಅವನಿಗೆ ಒಂದು ಕವಣೆಯನ್ನು ಕೊಟ್ಟನು. ಕವಣೆಯ ನಂತರ ಬಿಲ್ಲು, ಬಿಲ್ಲಿನ ನಂತರ ಕೋವಿ.

ಆ ಕೋವಿಯನ್ನು ನೋಡಿದ್ದರೆ ನಮ್ಮ ಮಾವ ನಗುತ್ತಿದ್ದನು. ಬಾಯಿಯಿಂದ ಮದ್ದು ತುಂಬುವ ಎರಡು ನಳಿಗೆಯ ಹಳೆಯ ಕೋವಿ. ಬಲಗಡೆಯ ನಳಿಗೆ ಸಿಡಿದು ಸೀಳಿಹೋಗಿತ್ತು. ಮುರಿದ ಹಿಡಿಯನ್ನು ಹಿತ್ತಾಳೆಯ ತಂತಿ ಸುತ್ತಿ ಬಿಗಿದಿದ್ದರು. ಉಳಿದದ್ದು ಎಡಗಡೆಯ ಒಂದೇ ನಳಿಗೆ, ಅಂದರೆ ಒಂದೇ ಈಡು. ತಪ್ಪಿದರೆ ಮತ್ತೆ ಮದ್ದು ಸುರಿದು, ಗಜ ಹಾಕಿ ಜಡಿದು, ಕೇಪು ಇಡುವಷ್ಟರಲ್ಲಿ ಕಾಡುಕೋಳಿ ಕಣ್ಮರೆ. ಆದ್ದರಿಂದ ಹುಡುಗನು ಸದ್ದಿಲ್ಲದೆ ಹತ್ತಿರ ಹೋಗುವುದನ್ನು ಕಲಿತನು. ಆಮೇಲೆ ಅವರನ್ನು ಜಗತ್ಪ್ರಸಿದ್ಧರನ್ನಾಗಿ ಮಾಡಿದ ವಿದ್ಯೆಯೆಲ್ಲ ಆ ಮುರುಕು ಕೋವಿಯ ಕೊರತೆಯಿಂದ ಹುಟ್ಟಿತೆಂದು ನನಗನ್ನಿಸುತ್ತದೆ.

ಅವರ ಮೊದಲ ರೈಫಲು ಕೊಂಡದ್ದಲ್ಲ, ಕಡವಾಗಿ ಬಂದದ್ದು. ಹತ್ತು ವರ್ಷದ ಜಿಮ್ ನೈನಿತಾಲದ ಸ್ವಯಂಸೇವಕ ದಳದಲ್ಲಿ ಕೆಡೆಟ್ಟನಾಗಿದ್ದನು, ನಮ್ಮ ಎನ್.ಸಿ.ಸಿ.ಯ ಹುಡುಗರಂತೆಯೇ. ದಳದ ಸಾರ್ಜೆಂಟ್ ಮೇಜರನು ಒಂದು .೪೫೦ ಮಾರ್ಟಿನಿ ರೈಫಲನ್ನೂ ಬೇಕಾದಷ್ಟು ತೋಟೆಗಳನ್ನೂ ಅವನಿಗೆ ಕೊಟ್ಟನು. ಷರತ್ತು ಎರಡೇ: ರೈಫಲನ್ನು ಶುಚಿಯಾಗಿಡಬೇಕು, ಖಾಲಿ ತೋಟೆಗಳನ್ನು ಹಿಂದಿರುಗಿಸಬೇಕು. ಇದನ್ನೋದಿದಾಗ ನಾನು ಎಣಿಸಿ ಒಪ್ಪಿಸಿದ ಐದು ತೋಟೆಗಳು ನೆನಪಾದವು. ಮಾರ್ಟಿನಿ ಹುಡುಗರ ಕೋವಿಯಲ್ಲ. ಭುಜಕ್ಕೆ ಕತ್ತೆಯಂತೆ ಒದೆಯುತ್ತದೆ. ಮೊದಲ ಚಿರತೆಯನ್ನು ಅವನು ಹೊಡೆದದ್ದು ಅದರಿಂದಲೇ. ಗಾಯಗೊಂಡು ಓಡಿದ ಅದನ್ನು ಬಿಟ್ಟು ಮನೆಗೆ ಬರಲಿಲ್ಲ. ರಕ್ತದ ಜಾಡು ಹಿಡಿದು ಹೋಗಿ ಮುಗಿಸಿದನು.

ಮುಂದಿನದು ರೈಲ್ವೆಯ ಚಾಕರಿ. ಗಂಗಾತೀರದ ಮೊಕಾಮಾ ಘಾಟಿನಲ್ಲಿ ಸರಕು ಸಾಗಣೆಯ ಗುತ್ತಿಗೆದಾರರಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದರು.

೧೯೦೭ರಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದರು. ನೇಪಾಳದಲ್ಲೂ ಕುಮಾವೂನಿನಲ್ಲೂ ಸೇರಿ ಅದು ೪೩೬ ಜನರನ್ನು ತಿಂದಿತ್ತೆಂದು ಲೆಕ್ಕ. ಕಾರ್ಬೆಟ್ಟರ ಬಳಿ ಅಂದು ಇದ್ದದ್ದು ಮೂರೇ ತೋಟೆ. ಮೂರೂ ಮುಗಿದ ಮೇಲೆ ತಹಶೀಲ್ದಾರರ ಸಡಿಲವಾದ ಹಳೆಯ ಕೋವಿಯನ್ನು ಇಸಿದುಕೊಂಡು ಓಡಬೇಕಾಯಿತು. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಕೆಳಗಿನದು ಬುಡದವರೆಗೂ ಹೋಗಿತ್ತು. ಎಂದೋ ಯಾರೋ ಹೊಡೆದು, ಕೊಲ್ಲದೆ ಬಿಟ್ಟ ಗುಂಡಿನ ಗಾಯ ಅದು. ಆ ಹಲ್ಲುಗಳಿಲ್ಲದೆ ಸಹಜವಾದ ಬೇಟೆ ಸಾಗದೆ ಹುಲಿ ಮನುಷ್ಯರ ಮೇಲೆ ತಿರುಗಿತು. ಗುಂಡು ಹಾರಿಸಿದವನ ಹೆಸರು ಚರಿತ್ರೆಯಲ್ಲಿಲ್ಲ. ಅವನೂ ಅಂದು ಸಂಜೆ ಮನೆಗೆ ಹೋಗಿ ಗುರಿ ತಪ್ಪಿತೆಂದು ಹೇಳಿ ಊಟ ಮಾಡಿ ಮಲಗಿರಬೇಕು. ಈ ಪುಟವನ್ನು ಓದಿ ನಾನು ಪುಸ್ತಕವನ್ನು ಮುಚ್ಚಿಟ್ಟೆನು.

ಆ ಬೇಟೆಗಾಗಿ ಸರಕಾರವು ಅವರಿಗೆ ಕೊಟ್ಟ ಬಹುಮಾನವೇ .೨೭೫ ರಿಗ್ಬಿ ರೈಫಲು. ೧೯೨೬ರಲ್ಲಿ, ೧೨೫ ಜನರನ್ನು ತಿಂದ ರುದ್ರಪ್ರಯಾಗದ ಚಿರತೆಯನ್ನು ಕೊಂದಾಗ ಅವರ ಕೈಯಲ್ಲಿದ್ದದ್ದು ಅದೇ. ಹೆಸರು ಬಂದ ಮೇಲೆ ವೈಸರಾಯರ ಬೇಟೆಗಳನ್ನು ಏರ್ಪಡಿಸಿಕೊಟ್ಟರೆಂಬುದು ನನಗೆ ಹಿಡಿಸದ ಸಂಗತಿ. ಆದರೆ ಕ್ರಮೇಣ ಕೋವಿಯ ಜಾಗಕ್ಕೆ ಕ್ಯಾಮರಾ ಬಂದಿತು. ೧೯೩೬ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗುವುದರಲ್ಲಿ ಅವರ ಪಾಲಿತ್ತು. ಇಂದು ಅದಕ್ಕೆ ಅವರದೇ ಹೆಸರು. ೧೯೪೭ರಲ್ಲಿ ಜೊತೆಬಿಡದ ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಹೋದರು. ೧೯೫೫ನೆಯ ಏಪ್ರಿಲ್ ೧೯ರಂದು ಅಲ್ಲಿಯ ನ್ಯೇರಿಯಲ್ಲಿ ತೀರಿಕೊಂಡರು.

ಈಗ ನನ್ನ ಲೆಕ್ಕ. .೨೨ರ ಗುಂಡು ಎರಡೂವರೆ ಗ್ರಾಮಿನಷ್ಟು. ಒದೆತವಿಲ್ಲ, ತೋಟೆ ಅಗ್ಗ. ಹೊಸಬನು ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವ ಕೆಟ್ಟ ಅಭ್ಯಾಸ ಕಲಿಯುವುದಿಲ್ಲ. ಗುರಿಯಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ಆದರೆ ತಪ್ಪಿದ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಹಿಂದೆ ಮಣ್ಣಿನ ದಿಬ್ಬವಿಲ್ಲದೆ ಹೊಡೆಯಬಾರದು, ಮಾವನ ಗದ್ದೆಯ ಆಚೆಗಂತೂ ಮನೆಗಳಿವೆ. ಹಂದಿಗೆ ತಗಲಿದರೆ ಅದು ಸಾಯುವುದಿಲ್ಲ, ಗಾಯ ಹೊತ್ತು ಗುಡ್ಡ ಸೇರುತ್ತದೆ. ೧೯೭೨ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅಧಿಕಾರಿಗಳ ಅಪ್ಪಣೆಯಿಲ್ಲದೆ ಹಂದಿಯನ್ನು ಹೊಡೆಯುವಂತೆಯೂ ಇಲ್ಲ.

ಆದ್ದರಿಂದ ರೈಫಲು ಬೇಕು, ಕಾಗದದ ಗುರಿಗೆ ಮಾತ್ರ ಎಂದು ನಿಶ್ಚಯಿಸಿದ್ದೇನೆ. ಗದ್ದೆಗೆ ಬೇಲಿಯಾಗಬೇಕು, ಅದಕ್ಕೆ ರಜೆಯಲ್ಲಿ ನಾನೇ ಕೈಹಚ್ಚುತ್ತೇನೆ. ಅಜ್ಜನ ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡೋಣವೆಂದು ಮಾವನಿಗೆ ಹೇಳುವುದು ಮಾತ್ರ ಇನ್ನೂ ಆಗಿಲ್ಲ. ಹೋದ ತಿಂಗಳು ಹೋದಾಗ ಅವನು ಅದರ ನಳಿಗೆಗೆ ಕೊಬ್ಬರಿ ಎಣ್ಣೆ ಹಚ್ಚಿ, ನನಗೆಂದು ಒರೆಸಿ ಇಟ್ಟಿದ್ದನು.