ದಾರಿಯಲ್ಲಿ ರೋಗ ಗುರುತಿಸಿದ ವೈದ್ಯ – ಜೇಮ್ಸ್ ಪಾರ್ಕಿನ್ಸನ್

ಕೆಲವು ಹಿರಿಯರ ಕೈ, ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡಾಗಲೂ ನಡುಗುತ್ತಿರುತ್ತದೆ. ವಯಸ್ಸಾಯಿತಲ್ಲ, ಅದಕ್ಕೇ ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಎಲ್ಲ ನಡುಕಕ್ಕೂ ಮುಪ್ಪು ಕಾರಣವಲ್ಲ. ಹೀಗೆ ನಡುಗಿಸುವ ಒಂದು ಕಾಯಿಲೆಯನ್ನು ಬೇರೆಯಾಗಿ ಗುರುತಿಸಿ ವಿವರವಾಗಿ ಬರೆದವರು ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್.

ಅವರು 1755ರ ಏಪ್ರಿಲ್ 11ರಂದು ಲಂಡನ್ನಿನ ಹಾಕ್ಸ್‌ಟನ್‌ನಲ್ಲಿ ಹುಟ್ಟಿದರು. ತಂದೆಯೂ ವೈದ್ಯರು. ಮಗನೂ ಅದೇ ವೃತ್ತಿ ಹಿಡಿದು ಅಲ್ಲಿಯೇ ನೆಲೆಸಿದರು. ಬಡವರ ಪರವಾಗಿ ಕರಪತ್ರಗಳನ್ನು ಬರೆದರು. ಪಳೆಯುಳಿಕೆಗಳೆಂದರೆ ಅವರಿಗೆ ಪ್ರಾಣ! ಅವುಗಳ ಬಗ್ಗೆ ಮೂರು ದೊಡ್ಡ ಸಂಪುಟಗಳನ್ನೇ ಹೊರತಂದರು.

1817ರಲ್ಲಿ, ತಮ್ಮ 62ನೆಯ ವಯಸ್ಸಿನಲ್ಲಿ, ನಡುಗು ರೋಗದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದರು. ಅದರಲ್ಲಿದ್ದದ್ದು ಕೇವಲ ಆರು ಜನರ ವಿವರ. ಮೂವರು ಅವರಲ್ಲಿ ಚಿಕಿತ್ಸೆಗೆ ಬಂದವರು. ಇಬ್ಬರು ಬೀದಿಯಲ್ಲಿ ಸಿಕ್ಕವರು. ಅವರನ್ನು ನಿಲ್ಲಿಸಿ ಮಾತನಾಡಿಸಿ ವಿಷಯ ತಿಳಿದುಕೊಂಡರು. ಇನ್ನೊಬ್ಬರನ್ನು ದೂರದಿಂದ ಕಂಡದ್ದಷ್ಟೇ. ಆ ವ್ಯಕ್ತಿಗೆ ನಿಧಾನವಾಗಿ ನಡೆಯಲು ಬರುತ್ತಿರಲಿಲ್ಲ. ಸಹಾಯಕನೊಬ್ಬ ಎದುರಿಗೆ ನಿಂತು ಭುಜ ಹಿಡಿದಿರುವಾಗ, ಆತ ಹಿಂದೆ ಮುಂದೆ ಮೆಲ್ಲಗೆ ತೂಗಾಡಿ, ಆಮೇಲೆ ಓಡತೊಡಗುತ್ತಿದ್ದ. ಬೀಳದಂತೆ ಹಿಡಿಯಲು ಸಹಾಯಕ ಮುಂದೆ ಓಡಬೇಕಾಗಿತ್ತು!

ಈ ಆರು ಜನರಿಂದ ಪಾರ್ಕಿನ್ಸನ್ ರೋಗದ ಗುರುತುಗಳನ್ನು ಜೋಡಿಸಿದರು. ನಡುಕ ಮೊದಲು ಒಂದು ಕೈಯಲ್ಲಿ ಶುರುವಾಗುತ್ತದೆ. ಅದೂ ಕೆಲಸವಿಲ್ಲದೆ ಸುಮ್ಮನಿರುವ ಕೈಯಲ್ಲಿ! ವರ್ಷಗಳು ಕಳೆದಂತೆ ಇನ್ನೊಂದು ಕಡೆಗೂ ಹಬ್ಬುತ್ತದೆ. ಮೈ ಮುಂದಕ್ಕೆ ಬಾಗುತ್ತದೆ, ಕೊನೆಗೆ ತುತ್ತನ್ನೂ ಇನ್ನೊಬ್ಬರು ಬಾಯಿಗಿಡಬೇಕಾಗುತ್ತದೆ.

ಕಾರಣ ಮಾತ್ರ ಅವರಿಗೆ ಸಿಗಲಿಲ್ಲ. ಕತ್ತಿನ ಭಾಗದ ನರಹುರಿಯಲ್ಲಿ ತೊಂದರೆ ಇರಬಹುದೆಂದು ಊಹಿಸಿದರು, ಅದು ಸರಿಯಾಗಿರಲಿಲ್ಲ. ಮಿದುಳಿನ ಒಳಗಿನ ಕಪ್ಪು ಬಣ್ಣದ ಒಂದು ಚಿಕ್ಕ ಭಾಗದಲ್ಲಿ ಜೀವಕೋಶಗಳು ಸಾಯುತ್ತವೆ, ಡೋಪಮೈನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ ಎಂಬುದು 20ನೆಯ ಶತಮಾನದಲ್ಲಿ ತಿಳಿಯಿತು.

ಪಾರ್ಕಿನ್ಸನ್ 1824ರಲ್ಲಿ ತೀರಿಕೊಂಡರು. ಆಗಿನ್ನೂ ಫೋಟೋ ತೆಗೆಯುವುದು ಬಂದಿರಲಿಲ್ಲ. ಆದ್ದರಿಂದ ಅವರ ಫೋಟೋ ಎಂದು ಎಲ್ಲಾದರೂ ಕಂಡರೆ ನಂಬಬೇಡಿ, ಅದು ಬೇರೆ ಯಾರದೋ! ಹಲವು ದಶಕಗಳ ನಂತರ ಫ್ರಾನ್ಸಿನ ವೈದ್ಯ ಶಾರ್ಕೋ ಈ ರೋಗಕ್ಕೆ ಪಾರ್ಕಿನ್ಸನ್ ಹೆಸರನ್ನಿಟ್ಟರು.

ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ನಡುಕ, ಬಿಗಿತಗಳನ್ನು ಕಡಿಮೆ ಮಾಡುವ ಮಾತ್ರೆಗಳಿವೆ. ಮಿದುಳಿನ ಚಿತ್ರ ತೆಗೆಯುವ ಯಂತ್ರಗಳು ಬಂದಿದ್ದರೂ ವೈದ್ಯರು ಇಂದಿಗೂ ಮುಖ್ಯವಾಗಿ ಕಣ್ಣಿನಿಂದಲೇ ಇದನ್ನು ಗುರುತಿಸುತ್ತಾರೆ. ಹೆಬ್ಬೆರಳಿಗೆ ತೋರುಬೆರಳನ್ನು ಬೇಗ ಬೇಗ ತಾಗಿಸಲು ಹೇಳುತ್ತಾರೆ. ಒಂದು ಸಾಲು ಬರೆಸಿ, ಅಕ್ಷರ ಸಣ್ಣದಾಗುತ್ತಾ ಹೋಗುತ್ತದೆಯೇ ಎಂದು ನೋಡುತ್ತಾರೆ. ಆಮೇಲೆ ಬಾಗಿಲವರೆಗೆ ನಡೆದು ಬರಲು ಹೇಳುತ್ತಾರೆ.