ಲೋಕಸಭೆಯಲ್ಲಿ ಕನ್ನಡ ನುಡಿದ ನಮ್ಮ ಸಂಸದ: ಜೆ.ಎಚ್. ಪಟೇಲ್

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಿವಮೊಗ್ಗ ಲೋಕಸಭಾ ಕ್ಷೇತ್ರದ ಚುನಾವಣೆಗಳ ಇತಿಹಾಸವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಗೆದ್ದವರು, ಸೋತವರು, ಪಡೆದ ಮತಗಳು ಎಂದು ಪಟ್ಟಿ ಮಾಡಿದರೆ ಯಾರೂ ಓದಲಾರರು. ಅದಕ್ಕೆ ಬದಲಾಗಿ ಈ ಕ್ಷೇತ್ರದಿಂದ ಒಂದೇ ಒಂದು ಬಾರಿ, ಅದೂ ನಾಲ್ಕು ವರ್ಷ ತುಂಬುವ ಮೊದಲೇ ಮುಗಿದುಹೋದ ಅವಧಿಗೆ ಆಯ್ಕೆಯಾಗಿದ್ದ ಒಬ್ಬರ ಬದುಕನ್ನು ಹೇಳುತ್ತೇನೆ. ಕ್ಷೇತ್ರದ ಕಥೆಯೂ ಅದರೊಳಗೇ ಬರುತ್ತದೆ.

ಜಯದೇವಪ್ಪ ಹಾಲಪ್ಪ ಪಟೇಲರು ಹುಟ್ಟಿದ್ದು 1930ರ ಅಕ್ಟೋಬರ್ 1ರಂದು, ಆಗ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ. ಹೆಸರೇ ಹೇಳುವಂತೆ ಊರಿನ ಪಟೇಲಿಕೆಯ ಮನೆತನ. ಜಮೀನು, ಅನುಕೂಲ ಎರಡೂ ಇದ್ದ ಮನೆ. ಕಾನೂನು ಓದಿದರು. ಅಂಥ ಮನೆಯ ಹುಡುಗ ಆ ಕಾಲಕ್ಕೆ ಹಿಡಿಯಬೇಕಾಗಿದ್ದ ದಾರಿ ಕಾಂಗ್ರೆಸ್ಸಿನದು. ಅಧಿಕಾರ ಅಲ್ಲಿತ್ತು, ಬಂಧು ಬಳಗವೂ ಅಲ್ಲಿತ್ತು. ಪಟೇಲರು ಸೇರಿದ್ದು ಸಮಾಜವಾದಿಗಳನ್ನು.

ಇದು ಅರ್ಥವಾಗಬೇಕಾದರೆ ನಮ್ಮ ಜಿಲ್ಲೆಯಲ್ಲಿ ಆಗ ಏನು ನಡೆಯುತ್ತಿತ್ತು ಎಂಬುದನ್ನು ನೋಡಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭೂಮಾಲೀಕರ ವಿರುದ್ಧ ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳ ಸತ್ಯಾಗ್ರಹವಾಯಿತು. ಡಾ. ರಾಮಮನೋಹರ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ಮರುವರ್ಷ ದೇಶದ ಮೊದಲ ಮಹಾಚುನಾವಣೆ. ಆಗ ಈ ಜಿಲ್ಲೆಯ ಮತದಾರರು ಕೊಟ್ಟ ತೀರ್ಪು ವಿಚಿತ್ರವಾದದ್ದು. ಸಾಗರದ ಕಡೆಯಿಂದ ವಿಧಾನಸಭೆಗೆ ಗೇಣಿದಾರರ ಪರ ನಿಂತಿದ್ದ ಶಾಂತವೇರಿ ಗೋಪಾಲಗೌಡರು ಗೆದ್ದರು. ಶಿವಮೊಗ್ಗದಿಂದ ಲೋಕಸಭೆಗೆ ಕಾಗೋಡಿನ ಭೂಮಾಲೀಕ ಮನೆತನದ ಕೆ.ಜಿ. ಒಡೆಯರ್ ಕಾಂಗ್ರೆಸ್ಸಿನಿಂದ ಗೆದ್ದರು. ಹೊಲದ ಬದುವಿನ ಎರಡೂ ಕಡೆಯವರನ್ನು ಒಂದೇ ಜಿಲ್ಲೆ ಎರಡು ಸದನಗಳಿಗೆ ಕಳಿಸಿತು. ಒಡೆಯರ್ 1957ರಲ್ಲಿಯೂ ಗೆದ್ದರು. 1962ರಲ್ಲಿ ಕಾಂಗ್ರೆಸ್ಸಿನವರೇ ಆದ ಎಸ್.ವಿ. ಕೃಷ್ಣಮೂರ್ತಿ ರಾವ್ ಆಯ್ಕೆಯಾಗಿ ಲೋಕಸಭೆಯ ಉಪಸಭಾಧ್ಯಕ್ಷರಾದರು. ಹದಿನೈದು ವರ್ಷ ಹೀಗೆ ಕ್ಷೇತ್ರ ಕಾಂಗ್ರೆಸ್ಸಿನ ಕೈಯಲ್ಲೇ ಇತ್ತು.

ಯುವಕ ಪಟೇಲರನ್ನು ಸೆಳೆದದ್ದು ಗೋಪಾಲಗೌಡರ ಹೋರಾಟ ಮತ್ತು ಲೋಹಿಯಾ ಅವರ ವಿಚಾರ. ಗೌಡರು ಪಟೇಲರಿಗಿಂತ ಏಳು ವರ್ಷಕ್ಕೆ ಹಿರಿಯರು, ತೀರ್ಥಹಳ್ಳಿ ಕಡೆಯ ಬಡ ಮನೆಯವರು. ಉಳ್ಳವರ ಮನೆಯ ಮಗ ಬಡವರ ಮನೆಯ ನಾಯಕನ ಹಿಂದೆ ಹೋಗುವುದು ಊರಲ್ಲಿ ಅಷ್ಟು ಸುಲಭವಾಗಿ ಜೀರ್ಣವಾಗುವ ಸಂಗತಿಯಲ್ಲ. ಗೇಣಿ ಪದ್ಧತಿ ಹೋದರೆ ತನ್ನಂಥವರ ಮನೆಗೇ ನಷ್ಟ ಎಂದು ಗೊತ್ತಿದ್ದೂ ಅವರು ಆ ಪಕ್ಷದಲ್ಲಿ ಉಳಿದರು.

1967ರ ಚುನಾವಣೆ ಬಂತು. ಲೋಕಸಭೆಗೂ ವಿಧಾನಸಭೆಗೂ ಆಗ ಒಟ್ಟಿಗೇ ಮತ ಹಾಕಿದ್ದು. ಬರ, ಆಹಾರದ ಕೊರತೆ, ಬೆಲೆ ಏರಿಕೆಗಳಿಂದ ದೇಶ ಕಂಗೆಟ್ಟಿದ್ದ ಕಾಲ. ಸಂಯುಕ್ತ ಸೋಷಲಿಸ್ಟ್ ಪಕ್ಷದ ಅಭ್ಯರ್ಥಿಯಾಗಿ ಮೂವತ್ತಾರು ವರ್ಷದ ಪಟೇಲರು ಶಿವಮೊಗ್ಗದಿಂದ ನಿಂತರು. ಕ್ಷೇತ್ರದಲ್ಲಿ ಒಂದು ಕಡೆ ಅಡಿಕೆ ತೋಟದ ಮಲೆನಾಡು, ಇನ್ನೊಂದು ಕಡೆ ಭದ್ರಾ ನಾಲೆಯ ನೀರು ಕಾಣತೊಡಗಿದ್ದ ಬಯಲು, ನಡುವೆ ಕಬ್ಬಿಣದ ಕಾರ್ಖಾನೆ ಮತ್ತು ಕಾಗದದ ಕಾರ್ಖಾನೆಗಳ ಭದ್ರಾವತಿ. ಭದ್ರಾವತಿಯಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳ, ಉರ್ದು ಮಾತಾಡುವ ಕಾರ್ಮಿಕರು. ಹೊಲದವನ ಕಷ್ಟ ಬೇರೆ, ಪಾಳಿ ಕೆಲಸದವನ ಕಷ್ಟ ಬೇರೆ. ಇವರೆಲ್ಲರ ಮತ ಸೇರಿ ಪಟೇಲರು ಗೆದ್ದರು. ಮೈಸೂರು ರಾಜ್ಯದ 27 ಸ್ಥಾನಗಳಲ್ಲಿ 18 ಕಾಂಗ್ರೆಸ್ಸಿಗೆ ಹೋದವು. ಪಟೇಲರ ಪಕ್ಷಕ್ಕೆ ಸಿಕ್ಕಿದ್ದು ಶಿವಮೊಗ್ಗ ಒಂದೇ. ಈ ಕ್ಷೇತ್ರದಿಂದ ಲೋಕಸಭೆಗೆ ಹೋದ ಮೊದಲ ಕಾಂಗ್ರೆಸ್ಸೇತರ ಸದಸ್ಯರು ಅವರು. ಅದೇ ಚುನಾವಣೆಯಲ್ಲಿ ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿ ಅದೇ ಪಕ್ಷದಿಂದ ದೆಹಲಿಗೆ ಬಂದಿದ್ದರು. ಸೊರಬದಿಂದ ಎಸ್. ಬಂಗಾರಪ್ಪನವರು ಮೊದಲ ಸಲ ವಿಧಾನಸಭೆಗೆ ಹೋದದ್ದೂ ಆಗಲೇ.

ಲೋಕಸಭೆಯಲ್ಲಿ ಪಟೇಲರು ಎದ್ದು ನಿಂತು ಕನ್ನಡದಲ್ಲಿ ಮಾತಾಡಿದರು. ಅದಕ್ಕೆ ಮೊದಲು ಆ ಸದನದಲ್ಲಿ ಯಾರೂ ಕನ್ನಡದಲ್ಲಿ ಭಾಷಣ ಮಾಡಿರಲಿಲ್ಲ.

ಇದನ್ನು ಕೇಳಿ ಇಂದಿನ ಮಕ್ಕಳು ಅದರಲ್ಲೇನು ದೊಡ್ಡದು ಎನ್ನಬಹುದು. ಸಂವಿಧಾನದ 120ನೆಯ ವಿಧಿಯ ಪ್ರಕಾರ ಸಂಸತ್ತಿನ ಕಲಾಪ ನಡೆಯಬೇಕಾದದ್ದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲಿಯೂ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತ್ರ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಅಂದರೆ ಕನ್ನಡ ಅಲ್ಲಿ ಬರುವುದಾದರೆ ಬೇರೆ ಭಾಷೆ ಬಾರದವನಿಗೆ ಕೊಟ್ಟ ರಿಯಾಯಿತಿಯಾಗಿ ಬರಬೇಕಿತ್ತು. ಪಟೇಲರು ಕಾನೂನು ಪದವೀಧರರು, ಇಂಗ್ಲಿಷ್ ಪುಸ್ತಕಗಳನ್ನು ಚೆನ್ನಾಗಿ ಓದಿಕೊಂಡವರು. ಅವರಿಗೆ ರಿಯಾಯಿತಿ ಬೇಕಿರಲಿಲ್ಲ. ತನ್ನನ್ನು ಕಳಿಸಿದ ಜನರ ಭಾಷೆಯಲ್ಲಿ ಮಾತಾಡುವುದು ಹಕ್ಕು ಎಂಬುದು ಅವರ ನಿಲುವು. ಆಗ ಸಭಾಧ್ಯಕ್ಷರಾಗಿದ್ದವರು ನೀಲಂ ಸಂಜೀವ ರೆಡ್ಡಿ, ನಮ್ಮ ಪಾವಗಡಕ್ಕೆ ಅಂಟಿಕೊಂಡ ಅನಂತಪುರ ಜಿಲ್ಲೆಯವರು. ಅವರು ಅವಕಾಶ ಕೊಟ್ಟರು. ಆ ಮೇಲೆ ಬೇರೆ ಬೇರೆ ರಾಜ್ಯಗಳ ಸದಸ್ಯರಿಗೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುವ ದಾರಿ ಸುಗಮವಾಯಿತು.

ಕಾಲವನ್ನೂ ನೆನೆಯಬೇಕು. 1965ರಲ್ಲಿ ಮದ್ರಾಸು ರಾಜ್ಯ ಹಿಂದಿ ವಿರೋಧದಲ್ಲಿ ಹೊತ್ತಿ ಉರಿದಿತ್ತು. ಇಂಗ್ಲಿಷ್ ತೊಲಗಬೇಕೆಂಬುದು ಲೋಹಿಯಾ ಅವರ ಮುಖ್ಯ ಚಳವಳಿಗಳಲ್ಲಿ ಒಂದು. ದಕ್ಷಿಣದ ಬಹಳ ಜನ ಅದನ್ನು ಹಿಂದಿ ಹೇರಿಕೆಯ ಇನ್ನೊಂದು ಹೆಸರೆಂದೇ ತಿಳಿದಿದ್ದರು. ಆ ಪಕ್ಷದಲ್ಲಿದ್ದ ಕನ್ನಡಿಗ ಏನು ಮಾಡಬೇಕು? ಇಂಗ್ಲಿಷ್ ಆಡಿದರೆ ನಾಯಕನ ಮಾತಿಗೆ ವಿರೋಧ, ಹಿಂದಿ ಆಡಿದರೆ ಊರಿನವರ ಅನುಮಾನ. ಪಟೇಲರು ಕನ್ನಡ ಆಡಿ ಆ ಇಕ್ಕಟ್ಟನ್ನೇ ಇಲ್ಲವಾಗಿಸಿದರು. ಇದಕ್ಕೆ ಬೆಲೆಯೂ ಇತ್ತು ಎನ್ನುವುದನ್ನು ಮರೆಯಬಾರದು. ಸಂಸದನ ಕೆಲಸ ಬೇರೆಯವರನ್ನು ಒಪ್ಪಿಸುವುದು. ಐನೂರಕ್ಕೂ ಹೆಚ್ಚು ಜನರ ಸದನದಲ್ಲಿ ಕನ್ನಡ ತಿಳಿದವರು ಎಷ್ಟು ಮಂದಿ? ಮಾತಾಡಿಯೂ ತಿಳಿಯದೆ ಉಳಿಯುವ ಅಪಾಯವನ್ನು ಅವರು ಗೊತ್ತಿದ್ದೇ ಮೈಮೇಲೆ ಎಳೆದುಕೊಂಡರು. ಅದು ತಪ್ಪು ಲೆಕ್ಕ ಎನ್ನುವವರೂ ಇದ್ದಾರೆ. ನಾನು ಹಾಗೆ ಎಣಿಸುವುದಿಲ್ಲ. ನಮ್ಮಂಥ ಸರ್ಕಾರಿ ಪ್ರೌಢಶಾಲೆಯಿಂದ ಒಳ್ಳೆಯ ಅಂಕ ತೆಗೆದು ಶಿವಮೊಗ್ಗದ ಕಾಲೇಜುಗಳಿಗೆ ಪಿಯುಸಿ ವಿಜ್ಞಾನಕ್ಕೆ ಹೋದ ಮಕ್ಕಳು ಮೊದಲ ಕೆಲವು ತಿಂಗಳು ಉತ್ತರ ಗೊತ್ತಿದ್ದರೂ ಬಾಯಿ ಬಿಡದೆ ಹಿಂದಿನ ಬೆಂಚಿನಲ್ಲಿ ಕೂರುವುದನ್ನು ಇಲ್ಲಿಯ ಶಿಕ್ಷಕರೆಲ್ಲ ಬಲ್ಲರು. ಗೊತ್ತಿಲ್ಲದವನೆಂಬ ಹಣೆಪಟ್ಟಿ ಹಚ್ಚಿಸಿಕೊಳ್ಳದೆ ಕನ್ನಡದಲ್ಲಿ ಉತ್ತರ ಹೇಳಬಹುದು ಎಂದು ದೇಶದ ಅತಿ ದೊಡ್ಡ ಸಭೆಯಲ್ಲಿ ತೋರಿಸಿದವರು ಇವರು.

ಆ ಲೋಕಸಭೆ ಅವಧಿಗೆ ಮುನ್ನವೇ, 1970ರ ಡಿಸೆಂಬರಿನಲ್ಲಿ ವಿಸರ್ಜನೆಯಾಯಿತು. 1971ರಲ್ಲಿ ಇಂದಿರಾ ಗಾಂಧಿಯವರ ಅಲೆಗೆ ರಾಜ್ಯದ 27 ಸ್ಥಾನಗಳೂ ಅವರ ಕಾಂಗ್ರೆಸ್ಸಿಗೆ ಸೇರಿದವು; ಶಿವಮೊಗ್ಗದಿಂದ ಟಿ.ವಿ. ಚಂದ್ರಶೇಖರಪ್ಪ ಆಯ್ಕೆಯಾದರು. ಮರುವರ್ಷ ಗೋಪಾಲಗೌಡರು ತೀರಿಕೊಂಡರು, ಇನ್ನೂ ಐವತ್ತು ತುಂಬಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಪಟೇಲರು ಸೆರೆಮನೆ ಸೇರಿದರು. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಕಿತ್ತೊಗೆದಾಗಲೂ ಶಿವಮೊಗ್ಗ ಎ.ಆರ್. ಬದರಿನಾರಾಯಣ್ ಅವರನ್ನು ಅದೇ ಪಕ್ಷದಿಂದ ಕಳಿಸಿತು. ಗೇಣಿದಾರನಿಗೆ ಭೂಮಿ ಕೊಡಿಸುವ ಕಾನೂನನ್ನು ಅಷ್ಟು ಹೊತ್ತಿಗೆ ದೇವರಾಜ ಅರಸರ ಕಾಂಗ್ರೆಸ್ ಸರ್ಕಾರವೇ ಜಾರಿಗೆ ತಂದಿತ್ತು. ಸಮಾಜವಾದಿಗಳು ಬಿತ್ತಿದ್ದನ್ನು ಬೇರೆಯವರು ಕೊಯ್ದರು ಎಂದು ಹಳಬರು ಹೇಳುವುದುಂಟು. ಗೇಣಿದಾರನಿಗೆ ಮಾತ್ರ ಹೊಲ ಸಿಕ್ಕಿದ್ದೇ ಮುಖ್ಯವಾಗಿತ್ತು.

1978ರಲ್ಲಿ ಪಟೇಲರು ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸಂಪುಟ, 1994ರಲ್ಲಿ ದೇವೇಗೌಡರ ಜೊತೆ ಉಪಮುಖ್ಯಮಂತ್ರಿ ಸ್ಥಾನ. ದೇವೇಗೌಡರು ಪ್ರಧಾನಿಯಾಗಿ ದೆಹಲಿಗೆ ಹೊರಟಾಗ, 1996ರ ಮೇ 31ರಂದು, ಮುಖ್ಯಮಂತ್ರಿಯಾದರು. ಅವರ ಆಡಳಿತ ಸಡಿಲವಾಗಿತ್ತು ಎಂಬ ಟೀಕೆ ಆಗಲೂ ಇತ್ತು, ಅದರಲ್ಲಿ ಸತ್ಯಾಂಶವೂ ಇದೆ. ಸ್ವಪಕ್ಷದವರ ಕಿತ್ತಾಟ ಅವರನ್ನು ಒಂದು ದಿನವೂ ಬಿಡಲಿಲ್ಲ. ತಮ್ಮ ದೌರ್ಬಲ್ಯಗಳನ್ನು ಅವರು ಮುಚ್ಚಿಡಲಿಲ್ಲ, ಅವುಗಳನ್ನು ಕುರಿತು ತಾವೇ ನಗೆಯಾಡಿದರು. ಅವರ ಹೆಸರಿನಲ್ಲಿ ನೂರಾರು ಹಾಸ್ಯದ ಮಾತುಗಳು ಇಂದಿಗೂ ಚಹಾದ ಅಂಗಡಿಗಳಲ್ಲಿ ಓಡಾಡುತ್ತವೆ; ಅವರು ಆಡಿದ್ದೆಷ್ಟು, ಜನ ಕಟ್ಟಿದ್ದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹಾಗಾಗಿ ಒಂದನ್ನೂ ಇಲ್ಲಿ ಬರೆದಿಲ್ಲ.

1997ರಲ್ಲಿ ಅವರ ಸರ್ಕಾರ ಏಳು ಹೊಸ ಜಿಲ್ಲೆಗಳನ್ನು ರಚಿಸಿತು. ಜಿಲ್ಲಾ ಕಚೇರಿಗೆ ಹೋಗಲು ಇಡೀ ದಿನ ಬಸ್ಸಿನಲ್ಲಿ ಕಳೆಯುತ್ತಿದ್ದ ಹಳ್ಳಿಯವರಿಗೆ ಅದು ಕೈಗೆಟುಕಿದ ಸಹಾಯ. ಅವುಗಳಲ್ಲಿ ದಾವಣಗೆರೆಯೂ ಒಂದು. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಬಿಟ್ಟು ಅಲ್ಲಿಗೆ ಸೇರಿದವು. ಹೀಗೆ ಕಾರಿಗನೂರು ತನ್ನ ಊರಿನ ಮುಖ್ಯಮಂತ್ರಿಯ ಕಾಲದಲ್ಲಿಯೇ ನಮ್ಮ ಜಿಲ್ಲೆಯಿಂದ ಹೊರಗಾಯಿತು.

1999ರಲ್ಲಿ ಪಟೇಲರು ವಿಧಾನಸಭೆಯನ್ನು ವಿಸರ್ಜಿಸಿ ಚುನಾವಣೆಗೆ ಹೋದರು. ಜನತಾ ದಳ ಎರಡು ಹೋಳಾಗಿತ್ತು. ಅವರ ಬಣ ಬಿಜೆಪಿಯೊಡನೆ ಕೈಜೋಡಿಸಿತು. ಅವರನ್ನು ಮೆಚ್ಚಿದ್ದ ಹಳೆಯ ಸಮಾಜವಾದಿಗಳಲ್ಲಿ ಅನೇಕರಿಗೆ ಇದು ನುಂಗಲಾರದ ತುತ್ತಾಯಿತು. ಪಕ್ಷವೂ ಸೋತಿತು, ಚನ್ನಗಿರಿಯಲ್ಲಿ ಅವರೂ ಸೋತರು. 2000ದ ಡಿಸೆಂಬರ್ 12ರಂದು ಬೆಂಗಳೂರಿನಲ್ಲಿ ನಿಧನರಾದರು. ಸಮಾಧಿ ಕಾರಿಗನೂರಿನಲ್ಲಿದೆ.

ಕ್ಷೇತ್ರಗಳ ಮರುವಿಂಗಡಣೆಯಾದ ಮೇಲೆ ಆ ಊರಿನವರು ಮತ ಹಾಕುವುದು ದಾವಣಗೆರೆ ಲೋಕಸಭಾ ಕ್ಷೇತ್ರಕ್ಕೆ. ಘಟ್ಟದ ಕೆಳಗಿನ ಬೈಂದೂರಿನವರು ಈಗ ನಮ್ಮೊಡನೆ ಶಿವಮೊಗ್ಗಕ್ಕೆ ಮತ ಹಾಕುತ್ತಾರೆ.